ಕೊಡಗಿನ ತೋಟದ ದಾರಿಗಳಲ್ಲಿ ರಾತ್ರಿ ಸೈಕಲ್: ಮಿತವಾದ ಬೆಲೆಯ ದೀಪ ಆರಿಸುವ ಕ್ರಮ

ಸಿಲ್ವರ್ ಓಕ್, ಹಾಲುವಾಣ, ಅತ್ತಿ ಮರಗಳ ನೆರಳಿನಲ್ಲಿ ಬೆಳೆದ ಕಾಫಿ ತೋಟದೊಳಗೆ ಕತ್ತಲೆಯು ಬಯಲಿಗಿಂತ ಮುಂಚೆಯೇ ಇಳಿಯುತ್ತದೆ. ಡಿಸೆಂಬರ್ ತಿಂಗಳಲ್ಲಿ ಮಡಿಕೇರಿಯ ಸುತ್ತ ಸೂರ್ಯ ಮುಳುಗುವುದು ಆರು ಗಂಟೆ ದಾಟಿದ ಸ್ವಲ್ಪ ಹೊತ್ತಿಗೆ. ಅದಾಗಿ ಅರ್ಧ ಗಂಟೆ ಕಳೆಯುವಷ್ಟರಲ್ಲಿ ಮಣ್ಣುದಾರಿಯ ಮೇಲೆ ಬೇರು ಯಾವುದು, ಬಿದ್ದ ಕೊಂಬೆ ಯಾವುದು ಎಂಬುದು ಬರಿಗಣ್ಣಿಗೆ ತಿಳಿಯದು. ದಿನದ ಕೆಲಸ ಮುಗಿದ ಮೇಲೆಯೇ ಸೈಕಲ್ ಹತ್ತಲು ಬಿಡುವಾಗುವವರಿಗೆ ಆದ್ದರಿಂದ ಗೇರು, ಟೈರುಗಳಿಗಿಂತ ಮೊದಲು ಯೋಚಿಸಬೇಕಾದ ವಸ್ತು ದೀಪ. ಈ ಲೇಖನದಲ್ಲಿ ನಾನು ಹೇಳಹೊರಟಿರುವುದು ಇಷ್ಟು: ಪೆಟ್ಟಿಗೆಯ ಮೇಲಿನ ಲುಮೆನ್ (ಬೆಳಕಿನ ಅಳತೆ) ಸಂಖ್ಯೆಗೆ ಮರುಳಾಗಿ ಒಂದು ದೊಡ್ಡ ದೀಪ ಕೊಳ್ಳುವ ಬದಲು, ಬ್ಯಾಟರಿಯ ಲೆಕ್ಕ ತಾಳೆಯಾಗುವ ಎರಡು ಸಾಧಾರಣ ದೀಪಗಳನ್ನು, ಒಂದು ಹ್ಯಾಂಡಲ್‌ಗೆ ಮತ್ತೊಂದು ಹೆಲ್ಮೆಟ್‌ಗೆ, ಆರಿಸಿಕೊಳ್ಳುವುದು ಕೊಡಗಿನ ದಾರಿಗಳಿಗೆ ಹೆಚ್ಚು ಹೊಂದುತ್ತದೆ, ಖರ್ಚೂ ಹಿಡಿತದಲ್ಲಿರುತ್ತದೆ.

ಮೊದಲು ದಾರಿಯನ್ನೂ ವೇಗವನ್ನೂ ನಿರ್ಧರಿಸಿ

ದೀಪದ ಅಂಗಡಿಗೆ ಹೋಗುವ ಮೊದಲು ಎಲ್ಲಿ ಸವಾರಿ ಮಾಡಲಿದ್ದೀರಿ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ನಾಗರಹೊಳೆ ರಾಷ್ಟ್ರೀಯ ಉದ್ಯಾನ ಹಾಗೂ ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ವನ್ಯಜೀವಿ ಧಾಮಗಳೊಳಗೆ ಅನುಮತಿಯಿಲ್ಲದೆ ಕಾಲಿಡುವುದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅವಕಾಶ ಕೊಡುವುದಿಲ್ಲ. ರಾತ್ರಿಯ ಸೈಕಲ್ ಸವಾರಿಯ ಮಾತು ಅಲ್ಲಿ ಏಳುವುದೇ ಇಲ್ಲ. ಉಳಿಯುವುದು ಮಾಲೀಕರ ಒಪ್ಪಿಗೆ ಪಡೆದ ತೋಟದ ರಸ್ತೆಗಳು, ಊರಿಂದೂರಿಗೆ ಹೋಗುವ ಮಣ್ಣುದಾರಿಗಳು, ಗದ್ದೆಯ ಬದಿಯ ದಾರಿಗಳು ಮತ್ತು ಹಳೆಯ ಕಡಂಗಗಳ (ಹಿಂದೆ ರಕ್ಷಣೆಗೆಂದು ತೋಡಿದ ಕಂದಕಗಳ) ಅಂಚಿನಲ್ಲಿ ಸಾಗುವ ಕಾಲುದಾರಿಗಳು. ಇವುಗಳಲ್ಲಿಯೂ ಸಿದ್ದಾಪುರ, ಮಾಲ್ದಾರೆ, ತಿತಿಮತಿ ಕಡೆಯ ಆನೆ ಓಡಾಟವಿರುವ ತೋಟಗಳಲ್ಲಿ ಕತ್ತಲಾದ ಮೇಲೆ ಸೈಕಲ್ ಬೇಡವೇ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಎಷ್ಟೇ ಪ್ರಖರವಾದ ದೀಪವಾದರೂ ತಿರುವಿನಾಚೆ ಕಾಫಿ ಗಿಡಗಳ ನಡುವೆ ನಿಂತ ಆನೆಯನ್ನು ತೋರಿಸಲಾರದು. ಸೈಕಲ್ ಸದ್ದಿಲ್ಲದೆ ಸಾಗುವುದರಿಂದ ನೀವು ಬರುತ್ತಿರುವುದು ಆನೆಗೂ ಬೇಗ ತಿಳಿಯುವುದಿಲ್ಲ.

ಇನ್ನು ವೇಗ. ಗಂಟೆಗೆ 15 ಕಿ.ಮೀ. ವೇಗದಲ್ಲಿ ಹೋಗುವವರು ಸೆಕೆಂಡಿಗೆ ನಾಲ್ಕು ಮೀಟರಿಗಿಂತ ತುಸು ಹೆಚ್ಚು ದೂರ ಸಾಗುತ್ತಾರೆ. ಅಡಚಣೆಯನ್ನು ಕಂಡು, ಅರಿತು, ಬ್ರೇಕ್ ಹಿಡಿಯಲು ಒಂದೂವರೆ ಸೆಕೆಂಡ್ ಬೇಕೆಂದು ಇಟ್ಟುಕೊಂಡು, ತರಗೆಲೆ ಮತ್ತು ಸಡಿಲ ಮಣ್ಣಿನ ಮೇಲೆ ಟೈರಿನ ಹಿಡಿತ ಡಾಂಬರು ರಸ್ತೆಯಲ್ಲಿರುವುದರ ಅರ್ಧಕ್ಕೂ ಕಡಿಮೆ ಎಂದು ಭಾವಿಸಿದರೆ, ಪೂರ್ತಿ ನಿಲ್ಲಲು ಸುಮಾರು 9 ಮೀಟರ್ ಬೇಕಾಗುತ್ತದೆ. ಅದೇ ಲೆಕ್ಕದಲ್ಲಿ ಗಂಟೆಗೆ 25 ಕಿ.ಮೀ. ವೇಗಕ್ಕೆ ಸುಮಾರು 19 ಮೀಟರ್ ಬೇಕು. ಇಳಿಜಾರಿನಲ್ಲಿ ಈ ಎರಡೂ ಅಂತರಗಳು ಹಿಗ್ಗುತ್ತವೆ. ಆದ್ದರಿಂದ ಏರಿಳಿತದ ತೋಟದ ದಾರಿಯಲ್ಲಿ ನಿಧಾನವಾಗಿ ಸಾಗುವವರಿಗೆ ಹದಿನೈದು ಮೀಟರ್‌ವರೆಗೆ, ಇಳಿಜಾರಿನಲ್ಲಿ ವೇಗ ಬಯಸುವವರಿಗೆ ಮೂವತ್ತು ಮೀಟರ್‌ವರೆಗೆ ನೆಲದ ವಿವರ ಕಾಣುವಷ್ಟು ಬೆಳಕು ಇರಬೇಕು. ನೂರಿನ್ನೂರು ಮೀಟರ್ ದೂರ ಬೆಳಕು ಎಸೆಯುವ ದೀಪಕ್ಕೆ ದುಡ್ಡು ಸುರಿಯುವ ಅಗತ್ಯ ಇಬ್ಬರಿಗೂ ಇಲ್ಲ. ನಮ್ಮ ದಾರಿಗಳಲ್ಲಿ ಅಷ್ಟು ದೂರ ನೇರವಾಗಿ ಕಾಣುವ ಜಾಗಗಳೇ ಅಪರೂಪ.

ಪೆಟ್ಟಿಗೆಯ ಮೇಲಿನ ಸಂಖ್ಯೆಗಳನ್ನು ಓದುವುದು

ದೀಪವು ಎಲ್ಲ ದಿಕ್ಕುಗಳಿಗೂ ಸೇರಿ ಹೊರಸೂಸುವ ಒಟ್ಟು ಬೆಳಕನ್ನು ಲುಮೆನ್‌ನಲ್ಲಿ ಅಳೆಯುತ್ತಾರೆ. ಒಂದು ದಿಕ್ಕಿನಲ್ಲಿ ಆ ಬೆಳಕು ಎಷ್ಟು ತೀಕ್ಷ್ಣವಾಗಿದೆ ಎಂಬುದನ್ನು ಕ್ಯಾಂಡೆಲಾದಲ್ಲಿ, ನೆಲದ ಮೇಲೆ ಎಷ್ಟು ಬಿದ್ದಿದೆ ಎಂಬುದನ್ನು ಲಕ್ಸ್‌ನಲ್ಲಿ ಹೇಳುತ್ತಾರೆ. ಎರಡು ದೀಪಗಳ ಲುಮೆನ್ ಸಮನಾಗಿದ್ದರೂ ಒಂದು ದಾರಿಯನ್ನೆಲ್ಲ ಬೆಳಗಬಹುದು, ಇನ್ನೊಂದು ದಾರಿಯ ನಡುವೆ ಒಂದು ಬಿಳಿ ಚುಕ್ಕೆಯನ್ನಷ್ಟೇ ಮೂಡಿಸಬಹುದು. ಲುಮೆನ್ ಎರಡು ಪಟ್ಟಾದರೆ ಕಣ್ಣಿಗೂ ಎರಡು ಪಟ್ಟಾಗಿ ಕಾಣುತ್ತದೆ ಎಂಬ ಭ್ರಮೆಯೂ ಬೇಡ; ಕಣ್ಣು ಹೆಚ್ಚಳವನ್ನು ಅದಕ್ಕಿಂತ ಬಹಳ ಕಡಿಮೆಯಾಗಿ ಗ್ರಹಿಸುತ್ತದೆ.

ಕೆಲವು ತಯಾರಕರು ಎಎನ್‌ಎಸ್‌ಐ ಎಫ್‌ಎಲ್ 1 ಎಂಬ ಮಾನದಂಡದ ಪ್ರಕಾರ ಅಳೆದ ಅಂಕಿಗಳನ್ನು ಕೊಡುತ್ತಾರೆ. ಅಂಥ ಗುರುತು ಇದ್ದರೆ ಒಳ್ಳೆಯದೇ, ಆದರೆ ಅದರ ಅರ್ಥ ತಿಳಿದಿರಬೇಕು. ಅದರಲ್ಲಿ ಹೇಳುವ ಬೆಳಕಿನ ದೂರವೆಂದರೆ ದೀಪದ ಬೆಳಕು 0.25 ಲಕ್ಸ್‌ಗೆ, ಅಂದರೆ ಹೆಚ್ಚುಕಡಿಮೆ ಹುಣ್ಣಿಮೆಯ ಬೆಳದಿಂಗಳಿನ ಮಟ್ಟಕ್ಕೆ, ಇಳಿಯುವ ಜಾಗ. ಬೆಳದಿಂಗಳಿನಲ್ಲಿ ಗದ್ದೆಯ ಬದುವಿನ ಮೇಲೆ ನಡೆಯಬಹುದು, ಬೇರುಗಳ ನಡುವೆ ಸೈಕಲ್ ಹೊಡೆಯಲಾಗದು. ದೂರ ಕಾಲು ಭಾಗಕ್ಕೆ ಇಳಿದರೆ ಬೆಳಕು ಹದಿನಾರು ಪಟ್ಟಾಗುತ್ತದೆ. ಆದ್ದರಿಂದ 100 ಮೀಟರ್ ಎಂದು ಬರೆದಿರುವ ದೀಪವನ್ನು ಸವಾರಿಯ ಮಟ್ಟಿಗೆ 25 ಮೀಟರಿನ ದೀಪವೆಂದು ತಿಳಿದುಕೊಂಡರೆ ಲೆಕ್ಕ ತಪ್ಪುವುದಿಲ್ಲ. ಉರಿಯುವ ಅವಧಿಯೂ ಹೀಗೆಯೇ. ಆ ಮಾನದಂಡದಲ್ಲಿ ದೀಪವು ಆರಂಭದ ಬೆಳಕಿನ ಶೇ. 10ಕ್ಕೆ ಕುಸಿಯುವವರೆಗಿನ ಸಮಯವನ್ನೆಲ್ಲ ಎಣಿಸುತ್ತಾರೆ. ನಾಲ್ಕು ಗಂಟೆ ಎಂದು ಬರೆದಿದ್ದರೂ ಪೂರ್ಣ ಬೆಳಕು ಮೊದಲ ಕೆಲವು ನಿಮಿಷಗಳಿಗೆ ಮುಗಿದು ಉಳಿದ ಹೊತ್ತೆಲ್ಲ ಮಂಕಾಗಿ ಉರಿದಿರಬಹುದು.

ನಿಧಾನದ ಸವಾರಿಗೆ ಹ್ಯಾಂಡಲ್ ಮೇಲೆ ನಿಜವಾದ 400 ಲುಮೆನ್, ಹೆಲ್ಮೆಟ್ ಮೇಲೆ 200ರಿಂದ 300 ಲುಮೆನ್ ಇದ್ದರೆ ಸಾಕು. ವೇಗದ ಇಳಿಜಾರಿಗೆ ಹ್ಯಾಂಡಲ್ ದೀಪ 800ರವರೆಗೆ ಇರಲಿ. ಇಲ್ಲಿ ‘ನಿಜವಾದ’ ಎಂಬ ಪದಕ್ಕೆ ಒತ್ತು ಕೊಡಬೇಕಾಗಿದೆ.

ಬ್ಯಾಟರಿಯ ಲೆಕ್ಕವೇ ಸುಳ್ಳನ್ನು ಹಿಡಿಯುವ ಉಪಾಯ

ಕಡಿಮೆ ಬೆಲೆಯ ದೀಪಗಳಲ್ಲಿ ಬಹುಪಾಲು 18650 ಎಂಬ ಲಿಥಿಯಂ ಸೆಲ್‌ನಿಂದ ನಡೆಯುತ್ತವೆ. ಹೆಸರೇ ಹೇಳುವಂತೆ ಅದರ ವ್ಯಾಸ 18 ಮಿ.ಮೀ., ಉದ್ದ 65 ಮಿ.ಮೀ. ಹೆಸರಾಂತ ತಯಾರಕರ ಇಂಥ ಸೆಲ್‌ಗಳ ಸಾಮರ್ಥ್ಯ ಸಾಮಾನ್ಯವಾಗಿ 2600ರಿಂದ 3500 ಎಂಎಎಚ್ (ಮಿಲಿಆಂಪಿಯರ್-ಅವರ್) ಇರುತ್ತದೆ. ಹೀಗಿರುವಾಗ ಅದೇ ಗಾತ್ರದ ಸೆಲ್‌ನ ಮೈಮೇಲೆ 9900 ಎಂಎಎಚ್ ಎಂದು ಮುದ್ರಿಸಿದ್ದರೆ ಅದು ಶುದ್ಧ ಸುಳ್ಳು. ಆ ದೀಪದ ಉಳಿದ ಅಂಕಿಗಳನ್ನು ಓದುವ ಶ್ರಮವನ್ನೂ ಉಳಿಸಿಕೊಳ್ಳಬಹುದು.

ಸಾಮರ್ಥ್ಯವನ್ನು ಸಾವಿರದಿಂದ ಭಾಗಿಸಿ ಆಂಪಿಯರ್-ಅವರ್‌ಗೆ ತಂದು, ಸೆಲ್‌ನ 3.6 ವೋಲ್ಟ್‌ನಿಂದ ಗುಣಿಸಿದರೆ ವ್ಯಾಟ್-ಅವರ್ ಸಿಗುತ್ತದೆ. 3400 ಎಂಎಎಚ್‌ನ ಒಂದು ಸೆಲ್‌ನಲ್ಲಿ ಸುಮಾರು 12 ವ್ಯಾಟ್-ಅವರ್ ಶಕ್ತಿ ಇರುತ್ತದೆ. ಎಲ್‌ಇಡಿ, ಮಸೂರ, ಒಳಗಿನ ಸರ್ಕ್ಯೂಟ್‌ಗಳಲ್ಲಿ ಆಗುವ ನಷ್ಟಗಳನ್ನು ಕಳೆದರೆ ಸಾಧಾರಣ ಗುಣಮಟ್ಟದ ದೀಪವೊಂದು ಪ್ರತಿ ವ್ಯಾಟ್‌ಗೆ ನೂರರ ಆಸುಪಾಸು ಲುಮೆನ್ ಕೊಡುತ್ತದೆ. ಹಾಗಾಗಿ ವ್ಯಾಟ್-ಅವರ್ ಅನ್ನು ನೂರರಿಂದ ಗುಣಿಸಿದರೆ ಆ ದೀಪದಿಂದ ಎಷ್ಟು ಬೆಳಕನ್ನು ಎಷ್ಟು ಹೊತ್ತು ನಿರೀಕ್ಷಿಸಬಹುದು ಎಂಬ ಅಂದಾಜು ಕೈಗೆ ಬರುತ್ತದೆ. ಒಂದು ಸೆಲ್ ಎಂದರೆ 1200: ಅಂದರೆ 400 ಲುಮೆನ್ ಆದರೆ ಮೂರು ಗಂಟೆ, 600 ಲುಮೆನ್ ಆದರೆ ಎರಡು ಗಂಟೆ, 1200 ಲುಮೆನ್ ಆದರೆ ಒಂದೇ ಗಂಟೆ. ಈಗ ಮಾರಾಟಗಾರನು ಒಂದೇ ಸೆಲ್‌ನ ದೀಪವನ್ನು ತೋರಿಸಿ ‘2000 ಲುಮೆನ್, ಎಂಟು ಗಂಟೆ’ ಎಂದರೆ, ಅವನು ಹೇಳುತ್ತಿರುವುದು 16,000ದ ಲೆಕ್ಕ. ಅದಕ್ಕೆ 160 ವ್ಯಾಟ್-ಅವರ್, ಎಂದರೆ ಅಂಥ ಹದಿಮೂರು ಸೆಲ್‌ಗಳು ಬೇಕು. 2000 ಲುಮೆನ್ ಒಂದು ನಿಮಿಷ ಬಂದಿರಬಹುದು, ಎಂಟು ಗಂಟೆ ಅತಿ ಮಂದ ಬೆಳಕಿನಲ್ಲಿ ಉರಿದಿರಬಹುದು. ಎರಡನ್ನೂ ಒಟ್ಟಿಗೆ ಪೆಟ್ಟಿಗೆಯ ಮೇಲೆ ಬರೆದು ಓದುಗನೇ ಜೋಡಿಸಿಕೊಳ್ಳಲಿ ಎಂದು ಬಿಟ್ಟಿರುತ್ತಾರೆ. 21700 ಎಂಬ ತುಸು ದಪ್ಪನೆಯ ಸೆಲ್ ಇರುವ ದೀಪಗಳೂ ಈಗ ಸಿಗುತ್ತವೆ. ಅವುಗಳಲ್ಲಿ 5000 ಎಂಎಎಚ್, ಸುಮಾರು 18 ವ್ಯಾಟ್-ಅವರ್ ಇರುವುದರಿಂದ ಬೆಲೆಯ ವ್ಯತ್ಯಾಸ ಹೆಚ್ಚಿಲ್ಲದಿದ್ದರೆ ಅವೇ ಮೇಲು.

ಸೆಲ್ ಕೈಗೆ ಬಂದ ಮೇಲೆ ತೂಗಿ ನೋಡುವುದು ಇನ್ನೊಂದು ಸುಲಭ ಪರೀಕ್ಷೆ. ಒಳ್ಳೆಯ 18650 ಸೆಲ್ 45ರಿಂದ 48 ಗ್ರಾಂ ತೂಗುತ್ತದೆ. ಮೂವತ್ತು ಗ್ರಾಂ ಆಸುಪಾಸಿನಲ್ಲಿ ತೂಗಿದರೆ ಒಳಗಿನ ಸರಕು ಕಡಿಮೆ ಎಂದೇ ಅರ್ಥ. ಏಲಕ್ಕಿ, ಕಾಳುಮೆಣಸು ತೂಗುವ ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿ ಕೊಡಗಿನ ಅನೇಕ ಮನೆಗಳಲ್ಲಿ ಇರುವುದರಿಂದ ಇದಕ್ಕೆ ಬೇರೆ ಖರ್ಚಿಲ್ಲ. ಭಾರತದಲ್ಲಿ ಮಾರುವ ಲಿಥಿಯಂ ಸೆಲ್‌ಗಳಿಗೆ ಐಎಸ್ 16046 ಮಾನಕದಡಿ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿ ಕಡ್ಡಾಯವಾಗಿದ್ದು, ಸೆಲ್ ಅಥವಾ ಪೊಟ್ಟಣದ ಮೇಲೆ ‘ಆರ್’ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇರಬೇಕು. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ಪರಿಶೀಲಿಸಬಹುದು.

ಸೆಲ್ ಹೊರತೆಗೆಯಲು ಬರುವ ದೀಪವನ್ನೇ ಆರಿಸಿ ಎಂದು ನಾನು ಸಲಹೆ ಕೊಡುತ್ತೇನೆ. ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋದ ದಿನಗಳಲ್ಲಿ ಮೊದಲೇ ತುಂಬಿಸಿಟ್ಟ ಇನ್ನೊಂದು ಸೆಲ್ ನೆರವಿಗೆ ಬರುತ್ತದೆ. ಎರಡು ವರ್ಷದ ಮೇಲೆ ಸೆಲ್ ಸೊರಗಿದರೆ ದೀಪವನ್ನೇ ಎಸೆಯಬೇಕಾಗುವುದಿಲ್ಲ. ರಕ್ಷಣಾ ಸರ್ಕ್ಯೂಟ್ ಇರುವ ಸೆಲ್‌ಗಳು 65 ಮಿ.ಮೀ.ಗಿಂತ ನಾಲ್ಕೈದು ಮಿ.ಮೀ. ಉದ್ದವಾಗಿರುವುದುಂಟು, ದೀಪದ ಗೂಡಿನಲ್ಲಿ ಅವು ಹಿಡಿಸುತ್ತವೆಯೇ ಎಂದು ಕೇಳಿ ಕೊಳ್ಳಿ.

ಬೆಳಕಿನ ಆಕಾರ, ಬಣ್ಣ ಮತ್ತು ಮಂಜು

ರಸ್ತೆಗೆಂದು ಮಾಡಿದ ಕೆಲವು ದೀಪಗಳಲ್ಲಿ ಬೆಳಕಿನ ಮೇಲಂಚನ್ನು ಗೆರೆ ಎಳೆದಂತೆ ಕತ್ತರಿಸಿರುತ್ತಾರೆ. ಜರ್ಮನಿಯ ರಸ್ತೆ ನಿಯಮ ಅದನ್ನೇ ಕೇಳುತ್ತದೆ. ಎದುರು ಬರುವವರ ಕಣ್ಣು ಕುಕ್ಕದಿರಲು ಅದು ಬಹಳ ಒಳ್ಳೆಯ ವಿಧಾನ. ಆದರೆ ತೋಟದ ದಾರಿಯಲ್ಲಿ ಅಪಾಯ ನೆಲದಲ್ಲಷ್ಟೇ ಇರುವುದಿಲ್ಲ. ಎದೆಯ ಎತ್ತರಕ್ಕೆ ಚಾಚಿದ ಕಾಫಿ ರೆಂಬೆ, ಅಡ್ಡ ಬಾಗಿದ ಬಿದಿರು, ಎಲ್ಲಕ್ಕಿಂತ ಮುಖ್ಯವಾಗಿ ಆನೆ ತಡೆಯಲು ಕಟ್ಟಿದ ಸೋಲಾರ್ ಬೇಲಿಯ ಸಣ್ಣ ತಂತಿ, ಇವೆಲ್ಲ ಆ ಗೆರೆಯ ಮೇಲಿನ ಕತ್ತಲಲ್ಲಿ ಉಳಿದುಬಿಡುತ್ತವೆ. ಹಗಲಲ್ಲಿ ತೆರೆದಿದ್ದ ದಾರಿಗೆ ಸಂಜೆ ತಂತಿ ಎಳೆದು ಮುಚ್ಚುವ ರೂಢಿ ಅನೇಕ ತೋಟಗಳಲ್ಲಿದೆ. ಆದ್ದರಿಂದ ಇಲ್ಲಿಗೆ ಬೇಕಾದದ್ದು ಮೇಲೆ ಕೆಳಗೆ ಎರಡೂ ಕಡೆ ಹರಡುವ, ನಡುವೆ ತೀರಾ ಪ್ರಖರವಾದ ಚುಕ್ಕೆಯಿಲ್ಲದ ಬೆಳಕು. ನಡುವಿನ ಚುಕ್ಕೆ ಅತಿಯಾದರೆ ಕಣ್ಣು ಅದಕ್ಕೇ ಹೊಂದಿಕೊಂಡು ಅಂಚಿನ ಕತ್ತಲು ಇನ್ನಷ್ಟು ಕಪ್ಪಾಗುತ್ತದೆ. ಝೂಮ್ ಮಾಡುವ ಟಾರ್ಚ್‌ಗಳು ಈ ಕಾರಣಕ್ಕೇ ಸವಾರಿಗೆ ಹೊಂದುವುದಿಲ್ಲ.

ಮಂಜು ಕೊಡಗಿನ ಸವಾರರಿಗೆ ವಿಶೇಷ ವಿಷಯ. ಮಂಜಿನ ಹನಿಗಳು ಬೆಳಕನ್ನು ಹಿಂದಕ್ಕೆ ಚೆಲ್ಲುತ್ತವೆ; ಬೆಳಕಿನ ಮೂಲ ಕಣ್ಣಿಗೆ ಹತ್ತಿರವಿದ್ದಷ್ಟೂ ಹಾಗೆ ಚೆಲ್ಲಿದ ಬೆಳಕು ನೇರವಾಗಿ ಕಣ್ಣಿಗೇ ಬರುತ್ತದೆ. ಹೆಲ್ಮೆಟ್ ದೀಪ ಹೊತ್ತಿಸಿಕೊಂಡು ದಟ್ಟ ಮಂಜಿಗೆ ನುಗ್ಗಿದರೆ ಸುಣ್ಣ ಬಳಿದ ಗೋಡೆಯ ಮುಂದೆ ನಿಂತಂತಾಗುತ್ತದೆ. ಆಗ ಮಾಡಬೇಕಾದದ್ದು ಹೆಲ್ಮೆಟ್ ದೀಪವನ್ನು ಆರಿಸಿ, ಹ್ಯಾಂಡಲ್ ದೀಪವನ್ನು ಕಡಿಮೆ ಬೆಳಕಿಗೆ ಇಳಿಸಿ, ಅದರ ಮೂತಿಯನ್ನು ಹತ್ತು ಮೀಟರ್ ಮುಂದಿನ ನೆಲಕ್ಕೆ ತಗ್ಗಿಸುವುದು. ಇದಕ್ಕಾಗಿಯೇ ಕನಿಷ್ಠ ಮೂರು ಮಟ್ಟದ ಬೆಳಕು ಇರುವ, ಕೈಗವಸು ಹಾಕಿಕೊಂಡೇ ಒತ್ತಬಹುದಾದ ಗುಂಡಿಯ ದೀಪ ಬೇಕು. ಮಟ್ಟ ಬದಲಿಸುವಾಗ ಪ್ರತಿ ಸಲವೂ ಮಿನುಗುವ ವಿಧಾನವನ್ನು ದಾಟಿ ಹೋಗಬೇಕಾದ ದೀಪಗಳನ್ನು ನಾನಂತೂ ಕೊಳ್ಳುವುದಿಲ್ಲ. ಇಳಿಜಾರಿನ ನಡುವೆ ಬೆಳಕು ಪಟಪಟನೆ ಮಿನುಗತೊಡಗಿದರೆ ದಾರಿ ಕಳೆದುಹೋಗುತ್ತದೆ.

ಬಣ್ಣದ ವಿಷಯದಲ್ಲಿ, 6500 ಕೆಲ್ವಿನ್‌ನ ನೀಲಿಛಾಯೆಯ ಬಿಳಿಗಿಂತ 4000ದಿಂದ 5000 ಕೆಲ್ವಿನ್‌ನ ಮಧ್ಯಮ ಬಿಳಿ ನಮ್ಮ ಕೆಮ್ಮಣ್ಣು, ಒಣಗಿದ ಎಲೆ, ಬೇರುಗಳ ಬಣ್ಣಗಳನ್ನು ಚೆನ್ನಾಗಿ ಬೇರ್ಪಡಿಸಿ ತೋರಿಸುತ್ತದೆ. ಎರಡೂ ಒಂದೇ ಬೆಲೆಗೆ ಸಿಕ್ಕಾಗ ಎರಡನೆಯದನ್ನು ಆರಿಸಿ. ಇದೊಂದಕ್ಕಾಗಿ ಹೆಚ್ಚು ಹಣ ಕೊಡಬೇಕಾಗಿಲ್ಲ.

ಎರಡು ದೀಪಗಳು ಏಕೆ

ಹ್ಯಾಂಡಲ್ ದೀಪ ಕಣ್ಣಿಗಿಂತ ಕೆಳಗಿರುವುದರಿಂದ ಬೇರು, ಕಲ್ಲುಗಳ ಹಿಂದೆ ನೆರಳು ಮೂಡಿಸುತ್ತದೆ. ಆ ನೆರಳಿನಿಂದಲೇ ನೆಲದ ಉಬ್ಬುತಗ್ಗು ಅರ್ಥವಾಗುತ್ತದೆ. ಆದರೆ ಅದು ಸೈಕಲ್ ತಿರುಗಿದ ಕಡೆಗೆ ಮಾತ್ರ ನೋಡುತ್ತದೆ. ಬಿಗಿಯಾದ ತಿರುವಿನಲ್ಲಿ ನೀವು ಹೋಗಬೇಕಾದ ದಾರಿ ಕತ್ತಲಲ್ಲೇ ಉಳಿಯುತ್ತದೆ. ಹೆಲ್ಮೆಟ್ ದೀಪ ನೋಟ ಹೋದಲ್ಲಿಗೆ ಹೋಗುತ್ತದೆ, ಆದರೆ ಕಣ್ಣಿನ ನೇರದಲ್ಲೇ ಇರುವುದರಿಂದ ನೆರಳನ್ನು ಅಳಿಸಿ ನೆಲವನ್ನು ಚಪ್ಪಟೆಯಾಗಿ ಕಾಣಿಸುತ್ತದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಒಂದು ದೀಪ ಕೆಟ್ಟರೆ ಮನೆ ಸೇರಲು ಇನ್ನೊಂದು ಇರುತ್ತದೆ ಎಂಬುದೂ ಸಣ್ಣ ಲಾಭವೇನಲ್ಲ. ಒಂದನ್ನೇ ಕೊಳ್ಳಲು ಹಣವಿದ್ದರೆ ಮೊದಲು ಹ್ಯಾಂಡಲ್ ದೀಪವನ್ನು ಕೊಳ್ಳಿ.

ಹೆಲ್ಮೆಟ್ ದೀಪ ಸೆಲ್ ಸೇರಿ 150 ಗ್ರಾಂ ಒಳಗಿರಲಿ. ಅದಕ್ಕಿಂತ ಭಾರವಾದರೆ ಕುಲುಕಾಟದಲ್ಲಿ ಹೆಲ್ಮೆಟ್ ಜಾರುತ್ತದೆ, ಕುತ್ತಿಗೆ ನೋಯುತ್ತದೆ. ಹ್ಯಾಂಡಲ್ ದೀಪದ ಹಿಡಿಕೆಯನ್ನು ಬೆಳಕಿನಷ್ಟೇ ಗಮನವಿಟ್ಟು ನೋಡಬೇಕು. ಇಂದಿನ ಎಂಟಿಬಿ (ಮೌಂಟನ್ ಬೈಕ್) ಹ್ಯಾಂಡಲ್‌ಗಳು ಸಾಮಾನ್ಯವಾಗಿ ನಡುವೆ 31.8 ಮಿ.ಮೀ. ದಪ್ಪವಿರುತ್ತವೆ, ಹಳೆಯ ಮತ್ತು ಅಗ್ಗದ ಸೈಕಲ್‌ಗಳಲ್ಲಿ ಅದು 25.4 ಮಿ.ಮೀ. ಇರುತ್ತದೆ. ತೆಳ್ಳಗಿನ ಹ್ಯಾಂಡಲ್‌ಗೆ ಹಳೆಯ ಟ್ಯೂಬಿನ ತುಂಡು ಸುತ್ತಿ ಹಿಡಿಕೆ ಬಿಗಿದರೆ ಜಾರುವುದಿಲ್ಲ. ರಬ್ಬರ್ ಪಟ್ಟಿಯ ಹಿಡಿಕೆ ಸಣ್ಣ ದೀಪಕ್ಕೆ ಸಾಕು. ಪ್ಲಾಸ್ಟಿಕ್ ಕೊಕ್ಕೆಯ ಹಿಡಿಕೆಗಿಂತ ಸ್ಕ್ರೂ ಇರುವ ಲೋಹದ ಹಿಡಿಕೆ ಬೇರುಗಳ ಕುಲುಕಾಟವನ್ನು ಹೆಚ್ಚು ದಿನ ತಡೆಯುತ್ತದೆ.

ನೀರಿನ ಮಾತು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಾತ್ರಿ ಸವಾರಿಯನ್ನು ಬಿಟ್ಟುಬಿಡುವುದೇ ಲೇಸು. ಹಾಗೆಂದು ಒಣ ತಿಂಗಳುಗಳಲ್ಲಿ ನೀರಿನ ಕಾಟ ಇಲ್ಲವೆಂದಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ರೊಬಸ್ಟಾ ಹೂವಿಗೆಂದು ಹಚ್ಚಿದ ಸ್ಪ್ರಿಂಕ್ಲರ್‌ಗಳು ಕತ್ತಲಲ್ಲೂ ತಿರುಗುತ್ತಿರುತ್ತವೆ. ನೀರು ತಡೆಯುವ ಮಟ್ಟವನ್ನು ಹೇಳುವ ಗುರುತುಗಳಲ್ಲಿ ಐಪಿಎಕ್ಸ್4 ಎಂದರೆ ಎಲ್ಲ ಕಡೆಯಿಂದ ಸಿಡಿಯುವ ನೀರನ್ನು ತಾಳುತ್ತದೆ. ಐಪಿಎಕ್ಸ್6 ಬಲವಾದ ಧಾರೆಯನ್ನು ತಾಳುತ್ತದೆ. ಐಪಿಎಕ್ಸ್7 ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಉಳಿಯುತ್ತದೆ. ಮುಳುಗಿ ಉಳಿಯುವ ದೀಪ ಧಾರೆಯನ್ನೂ ತಾಳಲೇಬೇಕೆಂದಿಲ್ಲ, ಎರಡೂ ಬೇರೆ ಪರೀಕ್ಷೆಗಳು. ಐಪಿಎಕ್ಸ್4 ಕನಿಷ್ಠವಾಗಿರಲಿ. ಯುಎಸ್‌ಬಿ ತೂತಿನ ರಬ್ಬರ್ ಮುಚ್ಚಳ ಸಡಿಲವಾಗಿದ್ದರೆ ಯಾವ ಗುರುತಿಗೂ ಬೆಲೆಯಿಲ್ಲ.

ಹಣವನ್ನು ಹಂಚುವ ರೀತಿ

ಒಟ್ಟು 3000 ರೂಪಾಯಿ ಇಟ್ಟುಕೊಂಡಿದ್ದೀರೆಂದು ಭಾವಿಸೋಣ. ಅರ್ಧದಷ್ಟನ್ನು ಹ್ಯಾಂಡಲ್ ದೀಪಕ್ಕೆ, ಕಾಲು ಭಾಗಕ್ಕಿಂತ ತುಸು ಹೆಚ್ಚನ್ನು ಹೆಲ್ಮೆಟ್ ದೀಪಕ್ಕೆ, ಉಳಿದದ್ದನ್ನು ಹೆಚ್ಚುವರಿ ಸೆಲ್ ಮತ್ತು ಹಿಂಬದಿಯ ಕೆಂಪು ದೀಪಕ್ಕೆ ಇಡುವುದು ನನಗೆ ಸರಿಯೆನಿಸುತ್ತದೆ. ಅಷ್ಟು ಹಣವಿಲ್ಲದವರು ಸೈಕಲ್ ದೀಪವೆಂಬ ಹೆಸರಿನ ವಸ್ತುವನ್ನೇ ಹುಡುಕಬೇಕಾಗಿಲ್ಲ. 18650 ಸೆಲ್‌ನ ಒಳ್ಳೆಯ ಟಾರ್ಚ್ ಒಂದನ್ನು ಪ್ರತ್ಯೇಕ ಹಿಡಿಕೆಯಿಂದ ಹ್ಯಾಂಡಲ್‌ಗೆ ಬಿಗಿದು, ಅದರ ಗಾಜಿಗೆ ಅರೆಪಾರದರ್ಶಕ ಹಾಳೆಯ ತುಂಡು ಅಂಟಿಸಿದರೆ ಬೆಳಕು ಹರಡುತ್ತದೆ. ತಲೆಗೆ ಕಟ್ಟುವ ಸಾಮಾನ್ಯ ಹೆಡ್‌ಲ್ಯಾಂಪ್‌ನ ಪಟ್ಟಿಯನ್ನು ಹೆಲ್ಮೆಟ್‌ನ ಗಾಳಿಕಂಡಿಗಳ ಮೂಲಕ ಹಾಯಿಸಿ ಕಟ್ಟಿದರೆ ಹೆಲ್ಮೆಟ್ ದೀಪವೂ ಆಯಿತು. ಅದೇ ಹೆಡ್‌ಲ್ಯಾಂಪ್ ಕರೆಂಟು ಹೋದಾಗ ಮನೆಗೂ ಒದಗುತ್ತದೆ.

ದಾರಿಗಿಳಿಯುವ ಮೊದಲು ಕಣದಲ್ಲಿ ಪರೀಕ್ಷೆ

ದೀಪ ಬಂದ ಮೇಲೆ, ಹಿಂದಿರುಗಿಸುವ ಗಡುವು ಮುಗಿಯುವ ಮುನ್ನ, ಕಾಫಿ ಒಣಗಿಸುವ ಕಣದಂಥ ಕತ್ತಲಾದ ಸಮತಟ್ಟು ಜಾಗದಲ್ಲಿ ಅದನ್ನು ಪರೀಕ್ಷಿಸಿ. ಸೈಕಲ್ ಮೇಲೆ ದೀಪ ಬಿಗಿದು ಐದು, ಹದಿನೈದು, ಮೂವತ್ತು ಮೀಟರ್ ದೂರಗಳಲ್ಲಿ ಒಂದೊಂದು ಒಣ ಕೊಂಬೆ ಇಟ್ಟು, ಸೀಟಿನ ಮೇಲೆ ಕುಳಿತು ನೋಡಿ. ಎದೆಯೆತ್ತರಕ್ಕೆ ತೆಳ್ಳನೆಯ ದಾರ ಕಟ್ಟಿ ಅದು ಎಷ್ಟು ದೂರದಿಂದ ಕಾಣುತ್ತದೆ ಎಂದೂ ನೋಡಿ. ಬೇಲಿ ತಂತಿಯ ವಿಷಯದಲ್ಲಿ ಎಷ್ಟು ವೇಗ ಸುರಕ್ಷಿತ ಎಂಬುದನ್ನು ಈ ಒಂದು ಪರೀಕ್ಷೆಯೇ ಹೇಳಿಬಿಡುತ್ತದೆ. ಬಳಿಕ ಪೂರ್ತಿ ಚಾರ್ಜ್ ಮಾಡಿದ ದೀಪವನ್ನು ನೀವು ಬಳಸಲಿರುವ ಮಟ್ಟದಲ್ಲಿ ಹೊತ್ತಿಸಿ, ಫ್ಯಾನಿನ ಗಾಳಿಗೆ ಇಟ್ಟು, ಎಷ್ಟು ಹೊತ್ತಿಗೆ ಮಂದವಾಗುತ್ತದೆ, ಎಷ್ಟು ಹೊತ್ತಿಗೆ ಆರುತ್ತದೆ ಎಂದು ಬರೆದಿಟ್ಟುಕೊಳ್ಳಿ. ಆರುವ ಮೊದಲು ಕಡಿಮೆ ಬೆಳಕಿಗೆ ಇಳಿದು ಎಚ್ಚರಿಸುವ ದೀಪ ಒಳ್ಳೆಯದು. ಸೂಚನೆಯಿಲ್ಲದೆ ಒಮ್ಮೆಲೇ ಕತ್ತಲು ಮಾಡುವುದನ್ನು ಹಿಂದಿರುಗಿಸಿ.

ಕಡಿಮೆ ಮಟ್ಟದಲ್ಲಿ ಉರಿಯುತ್ತಿರುವ ದೀಪವನ್ನು ಮೊಬೈಲ್ ಕ್ಯಾಮೆರಾದಲ್ಲಿ ನೋಡಿದಾಗ ದಟ್ಟವಾದ ಕಪ್ಪು ಪಟ್ಟಿಗಳು ಓಡಿದರೆ, ಅದು ವೇಗವಾಗಿ ಹೊತ್ತಿ ಆರುತ್ತಾ ಬೆಳಕನ್ನು ತಗ್ಗಿಸುತ್ತಿದೆ ಎಂದು ತಿಳಿಯಬೇಕು. ಇಂಥ ಬೆಳಕಿನಲ್ಲಿ ಚಲಿಸುವ ವಸ್ತುಗಳು ತುಂಡುತುಂಡಾಗಿ ಕಂಡು ಕಣ್ಣು ದಣಿಯುತ್ತದೆ. ಚಾರ್ಜಿಂಗ್ ಬಗ್ಗೆ ಒಂದು ಮಾತು: ಅಗ್ಗದ ಕೆಲವು ಟೈಪ್-ಸಿ ದೀಪಗಳು ಎರಡೂ ತುದಿ ಟೈಪ್-ಸಿ ಇರುವ ಕೇಬಲ್‌ನಿಂದ ಚಾರ್ಜ್ ಆಗುವುದಿಲ್ಲ. ಹಳೆಯ ಅಗಲ ತುದಿಯ ಕೇಬಲ್ ಹಾಕಿ ನೋಡದೆ ದೀಪ ಕೆಟ್ಟಿದೆ ಎಂದು ತೀರ್ಮಾನಿಸಬೇಡಿ.

ಸವಾರಿಯಲ್ಲಿ ಮತ್ತು ಮಳೆಗಾಲದಲ್ಲಿ

ಮಣ್ಣುದಾರಿಯಿಂದ ಡಾಂಬರು ರಸ್ತೆಗೆ ಬಂದ ಕೂಡಲೇ ಹೆಲ್ಮೆಟ್ ದೀಪ ಆರಿಸಿ, ಹ್ಯಾಂಡಲ್ ದೀಪ ತಗ್ಗಿಸಿ, ಹಿಂಬದಿಯ ಕೆಂಪು ದೀಪ ಹಚ್ಚಬೇಕು. ಗುಂಪಿನಲ್ಲಿ ತೋಟದೊಳಗೆ ಸಾಗುವಾಗ ಮಿನುಗುವ ಹಿಂಬದಿ ದೀಪ ಹಿಂದಿನವರ ಕಣ್ಣಿಗೆ ಹಿಂಸೆ. ಅಲ್ಲಿ ಮಂದವಾಗಿ ಸ್ಥಿರವಾಗಿ ಉರಿಯಲಿ. ಮುಂದೆ ಹೊಳೆಯುವ ಕಣ್ಣುಗಳು ಕಂಡರೆ ನಿಂತು, ಬೆಳಕನ್ನು ನೆಲಕ್ಕೆ ತಿರುಗಿಸಿ, ಪ್ರಾಣಿ ದಾಟುವವರೆಗೆ ಕಾಯುವುದು ಕ್ರಮ. ದೀಪ ಮಿನುಗಿಸಿ ಓಡಿಸಲು ಹೋಗಬಾರದು.

ಮಳೆಗಾಲ ಹಿಡಿಯುವ ಮೊದಲು ಸೆಲ್‌ಗಳನ್ನು ಅರ್ಧದಷ್ಟು ಚಾರ್ಜ್‌ನಲ್ಲಿರಿಸಿ, ದೀಪದಿಂದ ಹೊರತೆಗೆದು, ಒಂದಕ್ಕೊಂದು ಲೋಹ ತಾಗದಂತೆ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಳದ ಡಬ್ಬಿಯಲ್ಲಿ ಇಡಿ. ದೀಪದೊಳಗೇ ಬಿಟ್ಟರೆ ತೇವಕ್ಕೆ ಸ್ಪ್ರಿಂಗ್ ತುಕ್ಕು ಹಿಡಿಯುತ್ತದೆ. ಮೇಲ್ಹೊದಿಕೆ ಹರಿದ, ತಗ್ಗು ಬಿದ್ದ ಅಥವಾ ಚಾರ್ಜ್ ಮಾಡುವಾಗ ಕೈಗೆ ಸುಡುವಷ್ಟು ಬಿಸಿಯಾಗುವ ಸೆಲ್ ಅನ್ನು ಮತ್ತೆ ಬಳಸಬಾರದು. ಅದನ್ನು ತೋಟದ ಕಸದ ಜೊತೆ ಬೆಂಕಿಗೆ ಹಾಕದೆ, ತುದಿಗಳಿಗೆ ಟೇಪ್ ಅಂಟಿಸಿ, ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಿ.